ಬದಲಾಯಿಸುವಂತಿಲ್ಲ

ಬೆಳಗಿನ ಜಾವ, ಐದಕ್ಕೆ ಹತ್ತು ನಿಮಿಷ ಬಾಕಿ.
ಗ್ರಿಮ್ಸ್‌ಬಿ ಬಂದರಿನಿಂದ ಫೋನು.
ಹೆಸರು ಡೋರೀನ್ ಕಾಪ್ಲಿ, ತೂಕದ ಗುಮಾಸ್ತೆ.
ಹಿಂದೆ ಕ್ರೇಟುಗಳ ದಡಬಡ, ಯಾರೋ ಸಲಿಕೆಯಲ್ಲಿ
ಐಸು ಬಾಚುವ ಸದ್ದು.
"ಪಾಸ್‌ವರ್ಡ್ ಬದಲಿಸು ಅನ್ನುತ್ತೆ ಕಣಮ್ಮ,
ಬದಲಿಸಹೋದರೆ ಬದಲಿಸಬಾರದು ಅನ್ನುತ್ತೆ.
ಏಳಕ್ಕೆ ಹರಾಜು. ಇನ್ನೂರು ಪೆಟ್ಟಿಗೆ ಹ್ಯಾಡಕ್ ಮೀನು
ಚೀಟಿಯಿಲ್ಲದೆ ಕೂತಿದೆ."

ನಾನು ಲೀಡ್ಸಿನಲ್ಲಿ, ಎರಡನೆಯ ಮಹಡಿ, ಹೀಟರಿಗೆ ಕಾಲು ಚಾಚಿ.
ಕೇಳಬೇಕಾದ್ದನ್ನೆಲ್ಲ ಕೇಳಿದೆ, ಕ್ರಮ ಬಿಡದೆ.
ಹನ್ನೆರಡು ಅಕ್ಷರ ಇದೆಯೆ? ಇದೆ.
ನಡುವೆ ಒಂದಾದರೂ ಅಂಕಿ? ಇದೆ.
ನಿಮ್ಮ ಹೆಸರಿನ ತುಂಡು ಒಳಗೆ ಸಿಕ್ಕಿಕೊಂಡಿಲ್ಲ ತಾನೆ?
"ನನ್ನ ಹೆಸರು ನನಗೇ ಬೇಡವಾಗಿದೆ."
ಹಳೆಯದನ್ನೇ ತಿರುಗಿ ಹೊಡೆದಿರಾ? ಹಿಂದಿನ ಇಪ್ಪತ್ತನಾಲ್ಕನ್ನೂ
ನೆನಪಿಟ್ಟಿರುತ್ತದೆ ಅದು, ಸಾಲ ಕೊಟ್ಟವನ ಹಾಗೆ.
"ಇಲ್ಲ."
ನಿನ್ನೆ ತಾನೆ ಬದಲಿಸಿದ್ದಿರಾ? ಹೊಸದು
ಒಂದು ಹಗಲು ಒಂದು ರಾತ್ರಿಯಾದರೂ ಬಾಳಬೇಕು, ನಿಯಮ.
ಅವಳು ನಕ್ಕಳು. "ಹನ್ನೊಂದು ವರ್ಷದಿಂದ ಒಂದೇ, ಮಗಳೆ."

ಹನ್ನೊಂದು ವರ್ಷ!
ಕಾಲು ಕೆಳಗಿಳಿಸಿದೆ.

ಖಾತೆ ತೆರೆದೆ. ಚಿಕ್ಕದೊಂದು ಚೌಕ, ಒಳಗೆ ಸರಿಗುರುತು:
ಬಳಕೆದಾರರು ಪಾಸ್‌ವರ್ಡ್ ಬದಲಾಯಿಸುವಂತಿಲ್ಲ.
ಅನುಮತಿಗಳ ಪಟ್ಟಿಗಿಳಿದರೆ
'ತಾನು' ಎಂಬುದರ ಮುಂದೆ 'ನಿರಾಕರಣೆ'.
ತನ್ನದನ್ನು ತಾನು ಬದಲಿಸಲು ತನಗೇ ಅಪ್ಪಣೆಯಿಲ್ಲ.
ಮಠದ ಸ್ವಾಮಿಗಳು ಒಂದು ಗಂಟೆ ಎಳೆಯಬಹುದಾದ್ದನ್ನು
ಯಂತ್ರ ಒಂದೇ ಸಾಲಿನಲ್ಲಿ ಮುಗಿಸಿದೆ.

ಕಳೆದ ಶುಕ್ರವಾರ ತಪಾಸಣೆಯವರು ಬಂದು
ಅದರ ಕೆಳಗಿನ ಗುರುತು ಅಳಿಸಿ ಹೋಗಿದ್ದಾರೆ:
ಈ ಪಾಸ್‌ವರ್ಡ್ ಎಂದೂ ಹಳತಾಗದು.
ಎತ್ತು ಏರಿಗೆ, ಕೋಣ ನೀರಿಗೆ,
ನಡುವೆ ನೊಗದಡಿ ಡೋರೀನಳ ಕುತ್ತಿಗೆ.

ಮೇಲಿನದನ್ನೂ ಅಳಿಸಿದೆ. ಈಗ ನೋಡಿ, ಅಂದೆ.
ಟಪಟಪ. ಮತ್ತೆ ನಿರಾಕರಣೆ.
ಹೌದಲ್ಲ! ನಾನು ಅಳಿಸಿದ್ದು ಲೀಡ್ಸಿನ ಸರ್ವರ್‌ನಲ್ಲಿ,
ಅವಳು ತಟ್ಟುತ್ತಿರುವುದು ಗ್ರಿಮ್ಸ್‌ಬಿಯ ಸರ್ವರ್ ಬಾಗಿಲು.
ಇಲ್ಲಿನ ಸುದ್ದಿ ಅಲ್ಲಿಗೆ ಮುಟ್ಟಲು ಹದಿನೈದು ನಿಮಿಷ.
ತಾಳಿದವರು ಬಾಳಿಯಾರು, ಗೊಣಗಿಕೊಂಡೆ. "ಏನಂದೆ?" ಅಂದಳು.
ಒಂದು ಆಜ್ಞೆ ಕೊಟ್ಟು ಈಗಲೇ ನೂಕಬಹುದಿತ್ತು.
ಕೀಲಿಯ ಮೇಲೆ ಬೆರಳು ಇಟ್ಟೂ ಆಗಿತ್ತು.

"ಆ ಗುರುತು ಹಾಕಿಸಿದ್ದು ನಾವೇ.
ಮೂವರಿಗೆ ಒಂದೇ ಖಾತೆ ಆಗ. ನಾನು, ವಿಲ್ಫ್,
ಲಿಥುವೇನಿಯಾದವಳು ದಾನುತೆ.
ವಿಲ್ಫ್‌ಗೆ ಮರೆವು ಶುರುವಾಗಿತ್ತು. ವಾರಕ್ಕೊಂದು ಹೊಸದು ಮಾಡಿ
ನಮ್ಮಿಬ್ಬರನ್ನೂ ಹೊರಗೆ ನಿಲ್ಲಿಸೋನು,
ಆಮೇಲೆ ತಾನೂ ಬಂದು ನಮ್ಮ ಪಕ್ಕ ನಿಲ್ಲೋನು.
ನಿಮ್ಮ ಟ್ರೆವರ್ ಬಂದ, ಯಾರನ್ನೂ ಏನೂ ಕೇಳಲಿಲ್ಲ,
ಬೀಗಕ್ಕೊಂದು ಬೀಗ ಹಾಕಿ ಹೋದ.
ವಿಲ್ಫ್‌ಗೆ ಕೊನೆತನಕ ಗೊತ್ತಾಗಲಿಲ್ಲ."

ಈಗ?

"ದಾನುತೆ ಪೀಟರ್‌ಹೆಡ್‌ಗೆ ಹೋದಳು, ಸಂಬಳ ಜಾಸ್ತಿ.
ವಿಲ್ಫ್ ಕ್ಲೀಥಾರ್ಪ್ಸಿನ ಆರೈಕೆಮನೆಯಲ್ಲಿದ್ದಾನೆ. ಭಾನುವಾರ ಹೋದರೆ
ನಾನು ಅವನ ತಂಗಿ. ಆದರೆ ಪಾಸ್‌ವರ್ಡ್ ಕೇಳು,
ತಪ್ಪದೆ ಹೇಳುತ್ತಾನೆ, ದೋಣಿಯ ಹೆಸರು, ಆಮೇಲೆ..."
ಹೇಳಬೇಡಿ! ಫೋನಿನಲ್ಲಿ ಹೇಳಬಾರದು.
ಅಭ್ಯಾಸಬಲ. ಇನ್ನು ಯಾವ ಬಾಗಿಲನ್ನೂ ತೆರೆಯದ ಮಾತಿಗೆ
ಕಾವಲು ನಿಂತುಬಿಟ್ಟೆ.

ಸ್ವಲ್ಪ ಹೊತ್ತು ಐಸಿನ ಸದ್ದು ಮಾತ್ರ.
ಬೆರಳು ತೆಗೆದು ಆರಿದ ಚಹಾ ಹಿಡಿದುಕೊಂಡೆ.

ಐದೂ ಹತ್ತಕ್ಕೆ ಸುದ್ದಿ ಮುಟ್ಟಿತು.
"ತಗೊಂಡಿತು. ಉದ್ದ ಆಯಿತು, ಬರೆದಿಟ್ಟುಕೊಳ್ಳಲಾ?"
ಕೂಡದು ಎಂಬುದು ನಿಯಮ. ಎಲ್ಲಿಡುತ್ತೀರಿ, ಅಂದೆ.
"ತಕ್ಕಡಿ ಕೆಳಗೆ."

ಟಿಕೆಟ್ಟಿನಲ್ಲಿ 'ಕಾರಣ' ಎಂಬ ಖಾನೆ.
'ಹಳೆಯ ಸೆಟ್ಟಿಂಗ್' ಎಂದು ಬರೆದು, ಅಳಿಸಿ,
ಟ್ರೆವರ್ ಎಂದು ಬರೆದು, ಅದನ್ನೂ ಅಳಿಸಿ,
ಖಾಲಿ ಬಿಟ್ಟು ಪಾಳಿ ಮುಗಿಸಿದೆ.
ಹ್ಯಾಡಕ್ ಆ ದಿನ ಕಿಲೋಗೆ ಎಷ್ಟಕ್ಕೆ ಹೋಯಿತೋ.