ಹನ್ನೊಂದನೇ ಟೇಕ್

ಬನಹಟ್ಟ್ಯಾಗ ಮೌನ ಅನ್ನೂದು
ಹೆಸ್ಕಾಂನವರು ಕೊಟ್ಟರ ಉಂಟು.
ಉಳಿದ ಹೊತ್ತೆಲ್ಲಾ ನಮ್ಮ ಓಣ್ಯಾಗ
ಎಡಕ್ಕ ಎಂಟು ಮಗ್ಗ, ಬಲಕ್ಕ ಆರು,
ಹಿತ್ತಲ ಗ್ವಾಡಿ ಆಚೆ ಮುರಿಗೆಪ್ಪನವು ಎಷ್ಟೋ,
ಖಟಕ್ ಖಟಕ್ ಖಟಕ್ —
ಗೂಟಕ್ಕ ತೂಗಿದ ಕ್ಯಾಲೆಂಡರಿನ ತಾರೀಖು ಸುದ್ದಾ
ನಿಂತಲ್ಲೆ ನಿಲ್ಲೂದಿಲ್ಲ.

ನಾನೇನು ಹಾಡಾಂವ ಅಲ್ಲ.
ನೇಕಾರ ಸೊಸೈಟ್ಯಾಗ ನೂಲು ತೂಗಿ ಬರಕೊಳ್ಳಾಂವ.
ಮೂವತ್ತೊಂದು ವರ್ಷದ ಖಾತೆದಾಗ
ತಪ್ಪು ಒಂದಽ ಒಂದು, ಅದೂ ಮತ್ತೊಬ್ಬರದು.
ಆದರ ರಾತ್ರಿ ಊಟಾದ ಮ್ಯಾಲ
ಒಳಕೋಣ್ಯಾಗ ಕೌದಿ, ಗಾದಿ,
ಮಾರದ ಉಳಿದ ಸೀರಿ ಗಂಟು
ಸುತ್ತ ಒಟ್ಟಿ, ನಡುವ ಕುಂತು,
ತಾಮ್ರದ ಚರಗಿಗೆ ಮೊಬೈಲ್ ಆನಿಸಿ
ಹಳೇ ಸಿನಿಮಾ ಹಾಡು ತುಂಬತೀನಿ.

ತುಂಬೂದು ಅಂದ್ರ ಹಿಂಗ:
ಬರೇ ಬಾಜಾ ಬಾರಿಸಿ, ಹಾಡಾವರ ಜಾಗಾ
ಖಾಲಿ ಬಿಟ್ಟಿರತಾರ.
ಹಾಸು ಅವರದು, ಹೊಕ್ಕು ನಮ್ಮದು.
ತಂಗಿ ಮಗಳು ಶ್ರಾವಣಿ ತೋರಿಸಿಕೊಟ್ಟು ಹೋದಳು —
"ಮಾಮಾ, ಹೆದರಬ್ಯಾಡ, ಅಳಿಸಾಕ ಬರತೈತಿ."
ಶಾಯಿಲೆ ಬರದು ಬೆಳದಾಂವಗ
ಅದು ದೊಡ್ಡ ಸೊಗಸು.

ಈ ಹಾಡು ಮೊದಲ ಕೇಳಿದ್ದು
ತೇರದಾಳ ರಸ್ತಾದ ಚಾದಂಗಡಿ ರೇಡಿಯೋದಾಗ,
ನಿಕ್ಕರಿನ ಕಿಸೆದಾಗ ಎಂಟಾಣೆ ಹಿಡಕೊಂಡು.
ಎರಡನೇ ಚರಣಕ್ಕ ಗರಗರ ಎದ್ದು
ಒಂದು ಶಬ್ದ ನುಂಗಿಬಿಟ್ಟಿತು.
ಆ ಹಳ್ಳಕ್ಕ ನಾನಽ ಒಂದು ಕಲ್ಲ ಹಾಕಿ
ದಾಟಿದ್ದೆ.

ಮೊದಲ ಟೇಕಿನಾಗ ಕುಕ್ಕರ್ ಸೀಟಿ ಹೊಡೀತು.
ನಾಕನೇದರಾಗ ನನ್ನ ಉಸಿರು, ಏರಿ ಹತ್ತೋ ಎತ್ತಿನಂಗ.
ಮಲ್ಲವ್ವಗ ಕೇಳಿಸಿದೆ. ಸೊಪ್ಪು ಸೋಸಕೋತ ಅಂದಳು:
"ಹಾಡು ಭಾಳ ಛಲೋ ಐತ್ರಿ,
ನೀವಷ್ಟ ನಡು ನಡುವ ಬರತೀರಿ."
ಮಗ್ಗ ಮಾತ್ರ ಎಲ್ಲಾದರಾಗೂ ಇದ್ದವು.
ಶ್ರಾವಣಿ ಫೋನ್ ಹಚ್ಚಿ ಕೇಳಿದ್ಲು:
ಹಿಂದ ರೈಲು ಹೊಂಟೈತೇನು ಮಾಮಾ?

ನಿನ್ನೆ ರಾತ್ರಿ ಟೀಸಿ ಸುಟ್ಟಿತು.
ಲಾಳಿ ನಡುದಾರ್ಯಾಗ ನಿಂತವು.
ಓಣಿಯೆಲ್ಲಾ ಒಂದಽ ಸಲಕ್ಕ ಬಾಯಿ ಮುಚ್ಚಿತು.
ಯಾರದೋ ಮನ್ಯಾಗ ಅಡಕಿ ಕತ್ತರಿಸಿದ್ದು ಕೇಳಿಸ್ತು,
ಮೂರು ಮನಿ ಆಚೆ ಕೂಸು ಬಿಕ್ಕಿದ್ದು.
ಓಡಿದೆ, ಕದಾ ಹಾಕಿದೆ, ಗುಂಡಿ ಒತ್ತಿದೆ.

ಬಾಯಿ ತಗದರ
ದನಿಗೆ ಕುಂದರಾಕ ಜಾಗಾ ಇಲ್ಲ.
ಏರಿತು, ಜಾರಿತು, ಪಲ್ಲವಿ ದಾಟೂದರಾಗ
ನನಗಽ ನಾಚಿಕಿ ಬಂತು.
ಕಿವ್ಯಾಗ ಬಾಜಾ ಬರೊಬ್ಬರಿ ಇತ್ತು;
ಕುಂತ ನೆಲಾ ಸುಮ್ಮನಿತ್ತು.

ಕತ್ತಲದಾಗ ತಿಳೀತು:
ಇಷ್ಟು ದಿನ ನಾನು ಹಿಡಿದ ಶ್ರುತಿ
ಮುರಿಗೆಪ್ಪನ ಮೋಟಾರಿಂದು.
ಮಗ್ಗದ ತೊಲಿಗೆ ತೊಟ್ಟಲ ಕಟ್ಟಿ
ಅವ್ವ ಕಂಡಕಿ ಸುತ್ತತಿದ್ದಳಂತ;
ಗದ್ದಲ ನಿಂತರ ನಾನು ಅಳತಿದ್ದೆನಂತ.
ನಗಬ್ಯಾಡ್ರಿ.

ಹತ್ತೂವರಿಗೆ ಕರೆಂಟು. ಹುಡುಗೂರು
"ಬಂತೋ" ಅಂತ ಒದರಿದವು.
ಮೋಟಾರು ಮೊದಲ ಹ್ಞೂಂ ಅಂತು;
ಆ ಹ್ಞೂಂ ನೆಲದಾಗ ಹಾದು
ನನ್ನ ಬೆನ್ನ ಹುರಿಗೆ ಬಂತು.
ಹನ್ನೊಂದನೇ ಟೇಕ್. ಎಲ್ಲೂ ನಿಲ್ಲದ ಮುಗೀತು.
ಕಡೀ ಚರಣದಾಗ ಲಾಳಿ ಸಿಗಬಿದ್ದು
ಮುರಿಗೆಪ್ಪ ಅದರ ಅವ್ವಗ ಏನೋ ಅಂದದ್ದು
ಸ್ಪಷ್ಟ ಕೇಳತೈತಿ.
ಅಳಿಸಲಿಲ್ಲ. ತಾಳಕ್ಕ ಸರಿಯಾಗಿ ಬಿದ್ದಿತ್ತು.

ಮುಂಜಾನೆ ನಳಕ್ಕ ಕೊಡಾ ಹಚ್ಚಿ ನಿಂತಾಗ
ಅವನಽ ಕರದ:
"ಎರಡನೇ ಚರಣದಾಗ ಒಂದು ಶಬ್ದ ತಪ್ಪ ಹಾಡತೀ.
ಒಂದು ತಿಂಗಳಿಂದ ಹಿಂಗಽ ಹಾಡಾಕತ್ತಿ."

ಮನಿಗೆ ಬಂದು ಹಚ್ಚಿ ಕೇಳಿದೆ.
ಖರೆ.
ಕೆಂಪು ಶಾಯಿಲೆ ಬರಕೊಂಡೆ.