ನಾಳೆಬಾರೆ

ನಮೂನೆಯ ಮೊದಲ ಸಾಲು: ತಳಿಯ ಹೆಸರು.
ಎರಡನೆಯದು: ಸ್ಥಳೀಯ ಬಳಕೆ.
ಎರಡಕ್ಕೂ ಸೇರಿ ಬಿಟ್ಟ ಜಾಗ
ಒಂದು ಬಸ್ ಟಿಕೀಟಿನಷ್ಟು.

ಪರಶುರಾಂಪುರ ದಾಟಿ, ವೇದಾವತಿಯ ಮರಳು ದಾಟಿ,
ಚಪ್ಪಲಿಗೆ ಚುಚ್ಚಿದ ಮುಳ್ಳೇ ಕೊನೆಗೆ ದಾರಿ ಹೇಳಿತು.
ಹಿತ್ತಲಲ್ಲಿ ಒಂದೇ ಮರ, ಗಿಡ್ಡ,
ಕಂಬಳಿ ಮಗ್ಗದ ಗುಂಡಿಯಿಂದ ಈಗಷ್ಟೇ ಎದ್ದವನ ಬೆನ್ನಿನ ಹಾಗೆ ಬಾಗಿದ್ದು.
ಬರೀ ಕಾಯಿ ಎಂದುಕೊಂಡು ಹಿಂದಿರುಗುತ್ತಿದ್ದೆ.
"ಬಾರೆ ಇಲ್ಲಿ" ಎಂದಳು ಪಾಲಮ್ಮ,
ಅಂಗೈಗೆ ಒಂದು ಹಸಿರು ಗೋಲಿ ಇಟ್ಟಳು.
ಹುಳಿಗೆಂದು ಕಣ್ಣು ಮುಚ್ಚಿ ಕಚ್ಚಿದೆ.
ಮುಚ್ಚಿದ್ದು ದಂಡವಾಯಿತು.

ಬೇರೆ ಬಾರೆಗಳು ಹಳದಿಯಾಗುತ್ತವೆ, ಕೆಂಪಾಗುತ್ತವೆ,
ಸುಕ್ಕಾಗಿ ಊರಿಗೆಲ್ಲ ಸಾರುತ್ತವೆ ಹಣ್ಣಾದೆವೆಂದು.
ಇದು ಹೇಳುವುದಿಲ್ಲ.
ಮೂರು ದಿನ ಹಸಿರಾಗಿಯೇ ಸಿಹಿಯಾಗಿದ್ದು
ನಾಲ್ಕನೇ ದಿನ ಉದುರುತ್ತದೆ.
ಗೊತ್ತಾಗುವುದು ಹೇಗೆ?
"ಇಣಚಿ ನೋಡ್ಬೇಕು. ತಲೆ ಕೆಳಗಾಗಿ ಇಳಿದ್ರೆ ಹಣ್ಣು."

ಬರೆದುಕೊಂಡೆ:
ಒರಳಲ್ಲಿ ಬೀಜದ ಸಮೇತ ಕುಟ್ಟಿ
ಉಪ್ಪು, ಒಣಮೆಣಸಿನಕಾಯಿ, ಹಳೇ ಬೆಲ್ಲ ಬೆರೆಸಿ
ಮುತ್ತುಗದೆಲೆ ಮೇಲೆ ತಟ್ಟಿ, ಮಾಳಿಗೆ ಮೇಲೆ ಒಣಗಿಸಿದರೆ ವಡೆ;
ಬಸುರಿಯ ಕೆಟ್ಟ ಬಾಯಿಗೆ ಮೂರು ತಿಂಗಳು.
ಎಲೆ ಉಜ್ಜಿದರೆ ನೊರೆ, ತಲೆಗೆ.
ಮುಳ್ಳುಕೊಂಬೆ ಕುರಿ ರೊಪ್ಪಕ್ಕೆ.
ಕೊಂಬೆಗೆ ಕೂತ ಅರಗು ಕುಡುಗೋಲಿನ ಹಿಡಿಗೆ.
"ಈಗಿನ ಹಿಡಿ ಪ್ಲಾಸ್ಟಿಕ್ಕು. ಅದನ್ನೂ ಬರ್ಕೊ."
ನಿಂತುಹೋದ ಬಳಕೆಗೆ ನಮೂನೆಯಲ್ಲಿ ಮನೆ ಇರಲಿಲ್ಲ;
ಅಂಚಿನಲ್ಲಿ ಬರೆದೆ, ಅಡ್ಡವಾಗಿ.

ಹೆಸರು?
ಶೆಟ್ಟರ ಮನೆಯಾಕೆ ಗೋಡೆಯಾಚೆಯಿಂದಲೇ "ಪಚ್ಚ ರೇಗು" ಎಂದಳು.
ಕುರಿ ಹೊಡೆಯುತ್ತಿದ್ದ ಹುಡುಗ, "ಸುಳ್ಳೆಲಚಿ."
ಪಾಲಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು
"ನಾಳೆಬಾರೆ" ಅಂದಳು.

ಬಾಗಿಲ ಮೇಲೆ ಸುಣ್ಣದಲ್ಲಿ ಬರೆದ
ನಾಳೆ ಬಾ ನೆನಪಾಯಿತು,
ಓದು ಬಲ್ಲ ದೆವ್ವ ದಿನಾ ಓದಿ ದಿನಾ ಹಿಂದೆ ಹೋಗುವುದು.

"ದೆವ್ವಕ್ಕಲ್ಲ ಕಣೆ, ನನಗೆ ಅಂದಿದ್ದು.
ಏಳು ವರ್ಷದೋಳು, ಲಂಗ ಒಡ್ಡಿ ನಿಂತ್ಕಂಡು
ಅಜ್ಜೀ ಹಣ್ಣಾತಾ ಅಂತಿದ್ದೆ.
ಬಂಗಾರಜ್ಜಿ ಮೇಲೆ ನೋಡೋಳು:
ಎಲ್ಲಾ ಹಸ್ರು ಐತೆ, ನಾಳೆ ಬಾರೆ.
ನಾಳೆ ಹೋದೆ. ನಾಳೆ ಬಾರೆ.
ಹತ್ತು ವರ್ಷ ಹೋದೆ.
ಹನ್ನೊಂದನೇ ವರ್ಷ ಅವಳ ಮಗನ ಹಿಂದೆ
ಅದೇ ಹೊಸಿಲು ದಾಟಿ ಒಳಕ್ಕೇ ಬಂದೆ.
ಅವತ್ತು ಸಂಜೆ ಮಡಿಲಿಗೆ ಸುರಿದ್ಲು, ಎಲ್ಲಾ ಹಸ್ರೇ.
'ತಿನ್ನು. ಹಣ್ಣು ಅವತ್ತೂ ಇತ್ತು' ಅಂದ್ಲು."

ಸಿಟ್ಟು ಬರಲಿಲ್ಲವಾ?
ಅವಳು ಬೀಜ ಉಗುಳಿದಳು, ದೂರಕ್ಕೆ,
ಚೆನ್ನಾಗಿ ಅಭ್ಯಾಸವಿದ್ದ ಹಾಗೆ.

ಇದಾದ ಮೇಲೆ ಮೂರು ಸಲ ಕಡ್ಡಿ ತಂದು ಕಸಿ ಕಟ್ಟಿದೆವು
ಹಿರಿಯೂರಿನ ನರ್ಸರಿಯಲ್ಲಿ. ಮೂರೂ ಒಣಗಿದವು.
ಹಳಗನ್ನಡ ಕಲಿಸಿದ ಮೇಷ್ಟ್ರು ಹೇಳುತ್ತಿದ್ದರು,
ಬಾರೆ ಎಂದರೆ ಬರುವುದಿಲ್ಲ ಎಂದೂ ಅರ್ಥ, ನಾನು ಬಾರೆ.
ಆಗ ಬರೀ ಎರಡು ಅಂಕದ ವಿಷಯ ಅದು.
ಕಚೇರಿಯಲ್ಲಿ ಸಾಹೇಬರು ಕನ್ನಡಕ ತೆಗೆದು
"ಇದು ಹೆಸರಲ್ಲಮ್ಮ, ವಾಕ್ಯ" ಎಂದರು,
ಒಂದು ನಂಬರು ಕೊಟ್ಟರು. ನನಗೆ ಬಾಯಿಪಾಠ ಬಂದಿಲ್ಲ.

ಅವತ್ತು ಹೊರಡುವ ಮುಂಚೆ
ನಮೂನೆಯನ್ನು ಅವಳಿಗೆ ಓದಿ ಹೇಳಿದ್ದೆ.
ಕೇಳಿದ್ದೆ: ನಾಳೆ, ಬಾರೆ,
ಬಿಡಿಸಿ ಬರೆಯಲಾ, ಕೂಡಿಸಿಯಾ?
ಅಕ್ಷರ ಕಲಿಯದ ಬೆರಳು
ಕಾಗದದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ನಿಂತಿತ್ತು.
"ಕೂಡ್ಸು. ಮಧ್ಯ ಜಾಗ ಬಿಡಬ್ಯಾಡ.
ಬಿಟ್ರೆ ಯಾರಾದ್ರೂ ಬಂದು ಕೂತ್ಕತಾರೆ."