ನಾಲ್ಕು ರಾತ್ರಿ, ಇಬ್ಬರು ದೊಡ್ಡವರು

ಲಿಸ್ಬನ್ನಿಗೆ ವೀಸಾ ಬಂದ ಗುರುವಾರದಿಂದ
ರೂವಿಯ ಈ ಮೂರನೇ ಮಹಡಿಯಲ್ಲಿ
ನಮ್ಮಿಬ್ಬರಿಗೂ ಒಂದೇ ಜಗಳ:
ಎಲ್ಲಿ ಉಳಿಯುವುದು.

ಅರ್ಜಿಯಲ್ಲಿ ತೋರಿಸಲೆಂದು ಹಿಡಿದಿದ್ದ ಹೋಟೆಲನ್ನು
ಸ್ಟಿಕ್ಕರ್ ಅಂಟಿದ ಸಂಜೆಯೇ ರದ್ದು ಮಾಡಿದೆವು.
ಅದು ಕಾನ್ಸುಲೇಟಿನ ಕಣ್ಣಿಗೆ.
ಈಗ ನಮ್ಮ ಕಣ್ಣಿಗೆ ಬೇಕು.

ತಿಪ್ಪೇಶನಿಗೆ ಊರ ನಡುಮಧ್ಯವೇ ಆಗಬೇಕು.
ಇಳಿದರೆ ಚೌಕ, ತಿರುಗಿದರೆ ಟ್ರಾಮು,
ಕಾಲು ಸೋತರೆ ಮಧ್ಯಾಹ್ನ ಬಂದು ಬೀಳಬಹುದು.
ಹದಿನೆಂಟು ವರ್ಷ ಕ್ರೇನಿನ ಗಾಜಿನ ಗೂಡಲ್ಲಿ ಕೂತವನಿಗೆ
ರಜೆ ಅಂದರೆ ಊಟವಾದ ಮೇಲಿನ ನಿದ್ದೆ.
ಅಲ್ಫಾಮದ ದಿನ್ನೆ ಕಡೆ ಅಗ್ಗ, ಅನ್ನುತ್ತೇನೆ.
ಮೆಟ್ಟಿಲು, ಅನ್ನುತ್ತಾನೆ.
ಏಳು ಸುತ್ತಿನ ಕೋಟೆ ಹತ್ತಿ ಬೆಳೆದ ದುರ್ಗದವನಲ್ಲವಾ ನೀನು?
ಹತ್ತಿದ ಮೊಣಕಾಲು ಬೇರೆ, ಅನ್ನುತ್ತಾನೆ, ಈಗಿರೋದು ಬೇರೆ.

ನಾನು ಚಿತ್ರ ನೋಡುವ ರೀತಿ ಅವನಿಗೆ ತಿಳಿಯದು.
ಹದಿಮೂರು ವರ್ಷ ಅಲ್ ಖುವೈರಿನ ಹೋಟೆಲಿನಲ್ಲಿ
ದಿನಕ್ಕೆ ಹದಿನಾಲ್ಕು ಕೋಣೆ ಓರಣ ಮಾಡಿದ ಕೈ.
ದುಪ್ಪಟಿಯ ಮೂಲೆ ಮಡಿಸಿದ್ದು ನೋಡಿದರೆ
ಮೇಲಿನವಳು ಬಿಗಿಯೋ ಸಡಿಲೋ ಹೇಳಿಬಿಡುತ್ತೇನೆ.
ದಿಂಬು ಜಾಸ್ತಿ ಇಟ್ಟಿದ್ದರೆ ಕೋಣೆ ಸಣ್ಣದು.
ಪರದೆ ಎಳೆದಿದ್ದರೆ ಆಚೆ ಬರೀ ಗೋಡೆ.
ಟವೆಲಿನಲ್ಲಿ ಹಂಸ ಮಾಡಿ ಕೂರಿಸಿದವಳು
ಹೊಸಬಳು, ಪಾಪ,
ಇನ್ನೂ ಹೊತ್ತಿದೆ ಅಂದುಕೊಂಡಿದ್ದಾಳೆ.

ಒಂದು ಕಡೆ ಯಾರೋ ಬರೆದಿದ್ದರು:
ಎಲ್ಲ ಚೆನ್ನಾಗಿದೆ, ಕ್ಲೀನಿಂಗಿನವಳು ನಗುವುದಿಲ್ಲ.
ಅದಕ್ಕೇ ಎರಡು ನಕ್ಷತ್ರ ಕಿತ್ತುಕೊಂಡಿದ್ದರು.
ಆ ಹೋಟೆಲಿಗೆ ಗುರುತು ಹಾಕಿಟ್ಟೆ.
ನಗದೆ ಕೆಲಸ ಮಾಡುವಷ್ಟು ಧೈರ್ಯ ಇರುವ ಜಾಗ.

ಮೊದಲ ವರ್ಷ ವಾದಿ ಕಬೀರಿನಲ್ಲಿ
ಪ್ಲೈವುಡ್ ಹೊಡೆದು ಒಂದು ರೂಮನ್ನು ಎರಡು ಮಾಡಿದ್ದರು.
ಕಿಟಕಿ ಆಚೆ ಪಾಲಿಗೆ ಬಿತ್ತು,
ಆ ಪಾಲಿಗೆ ಬಾಡಿಗೆ ಐದು ರಿಯಾಲ್ ಹೆಚ್ಚು.
ಆಚೆ ಮಲಗುತ್ತಿದ್ದ ದಿಲ್‌ಕುಮಾರಿ
ಹಲಗೆ ತಟ್ಟಿ ದಿನಾ ಹೇಳುತ್ತಿದ್ದಳು:
ಅಕ್ಕಾ, ಆಡು ಬಂದಿದೆ.
ಅಕ್ಕಾ, ನೀರಿನ ಟ್ಯಾಂಕರು.
ಅಕ್ಕಾ, ಏನೂ ಇಲ್ಲ ಇವತ್ತು, ಬರೀ ಗುಡ್ಡ.
ನಾನು ಕಣ್ಣುಮುಚ್ಚಿ ನೋಡುತ್ತಿದ್ದೆ.

ಈಗಿನ ಮನೆಗೆ ಮೂರು ಕಿಟಕಿ.
ಒಂದನ್ನೂ ತೆಗೆಯುವಂತಿಲ್ಲ, ಏಸಿ ಓಡಿಹೋಗುತ್ತದೆ,
ಧೂಳು ಒಳಗೆ ಬಂದು ಕೂರುತ್ತದೆ.

ಶುಕ್ರವಾರ ಮತ್ರಾಹ್ ದಂಡೆಯಲ್ಲಿ ಕರಕ್ ಕುಡಿಯುತ್ತ
ಬಂಡೆಯ ನೆತ್ತಿಗೆ ಬೊಟ್ಟು ಮಾಡಿದ ತಿಪ್ಪೇಶ:
ನೋಡು, ಆ ಕೋಟೆ ಲಿಸ್ಬನ್ ಕಡೆಯವರೇ ಕಟ್ಟಿದ್ದಂತೆ.
ಎಲ್ಲಿ ಉಳಿಯೋದು ಅಂತ ಅವರು ಯಾರನ್ನೂ ಕೇಳಲಿಲ್ಲ ಕಣೇ.
ಎತ್ತರದ ಜಾಗ ಕಂಡರು, ಹತ್ತಿದರು,
ಹೆಚ್ಚುಕಡಿಮೆ ನೂರೈವತ್ತು ವರ್ಷ ಉಳಿದುಬಿಟ್ಟರು.
ನಮಗೆ ನಾಲ್ಕು ರಾತ್ರಿ,
ಬೆಳಗಿನ ತಿಂಡಿ ಸೇರಿಲ್ಲ.
ನಗು ಬಂದು ಕರಕ್ ನೆತ್ತಿಗೇರಿತು.
ಉಳಿತಾಯದಲ್ಲಿ ಉಳಿದದ್ದನ್ನು ಆಮೇಲೆ ಇಬ್ಬರೂ
ಮನಸ್ಸಿನಲ್ಲೇ ಒಂದು ಸಲ ಎಣಿಸಿದೆವು,
ತಂಗಿಯ ಮಗಳ ಕಾಲೇಜು ಫೀಸು ಕಳೆದು.

ಆ ರಾತ್ರಿ ಅವನು ಗೊರಕೆ ಹಿಡಿದ ಮೇಲೆ
ಗುರುತು ಹಾಕಿಟ್ಟ ಹೋಟೆಲಿಗೆ ಬರೆದೆ.
ಲಿಫ್ಟು ಕೇಳಲಿಲ್ಲ, ವೈಫೈ ಕೇಳಲಿಲ್ಲ.
ಕಿಟಕಿ ತೆರೆಯುತ್ತದೆಯೇ?

ಬೆಳಿಗ್ಗೆ ಉತ್ತರ ಬಂದಿತ್ತು, ಗ್ರಾಸಿಂದಾ ಎಂಬ ಹೆಸರಿನಿಂದ.
ತೆರೆಯುತ್ತದೆ ಮೇಡಂ, ಎರಡೂ ಬಾಗಿಲು, ಪೂರ್ತಿ.
ಆದರೆ ಸದ್ದು. ಪಾರಿವಾಳ ಇವೆ,
ಆರು ಗಂಟೆಗೆ ಮೀನಿನವಳು ಕೂಗುತ್ತಾಳೆ,
ಎದುರುಮನೆಯವರ ಬಟ್ಟೆ ಕೈಗೆ ಸಿಗುವಷ್ಟು ಹತ್ತಿರ.
ಆಮೇಲೆ ದೂರುವುದಾದರೆ ಬೇಡ.

ಹಣ ಕಟ್ಟಿಬಿಟ್ಟೆ.

ಎಷ್ಟು ಮೆಟ್ಟಿಲು, ಅಂದ ತಿಪ್ಪೇಶ, ಕಣ್ಣುಜ್ಜಿಕೊಂಡು.
ಎಂಬತ್ತೊಂದು.
ಸ್ವಲ್ಪ ಹೊತ್ತು ಸುಮ್ಮನಿದ್ದ,
ಆಮೇಲೆ ಎಣ್ಣೆ ಬಾಟಲಿ ತಂದು ಮೊಣಕಾಲು ನೀವಿಕೊಳ್ಳತೊಡಗಿದ.
ಸರಿ, ಆದರೆ ಒಂದು ಮಾತು ಕೊಡು, ಅಂದ,
ಅಲ್ಲಿ ಎದ್ದ ಕೂಡಲೇ ನೀನು ಹಾಸಿಗೆ ಸರಿಮಾಡಕೂಡದು.

ಇನ್ನೂ ಕೊಟ್ಟಿಲ್ಲ.